ಬ್ಲಾಕ್ ಹಾಕಿಕೊಂಡಿದ್ದ ತಮ್ಮ ಮತ್ತೆ ರಮ್ಮಿಗೆ ಬಿದ್ದಿದ್ದಾನೆ. ಮನೆಯವರು ಈಗ ಏನು ಮಾಡಬೇಕು?

ಅರಸೀಕೆರೆ_ಅಕ್ಕ · ಭಾನುವಾರ, ರಾತ್ರಿ 10:40

ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆದರೆ ಬೈಕೋಬೇಡಿ.

ನನ್ನ ತಮ್ಮನಿಗೆ 31 ವರ್ಷ. ಲಾರಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತಾನೆ. 2020ರ ಲಾಕ್‌ಡೌನ್‌ನಲ್ಲಿ ಫೋನಿನಲ್ಲಿ ರಮ್ಮಿ ಶುರು ಮಾಡಿದ. ಮೊದಲು ಇಪ್ಪತ್ತು ರೂಪಾಯಿ, ಐವತ್ತು ರೂಪಾಯಿ. 2023ರ ಕೊನೆಗೆ ಲೆಕ್ಕ ಹಾಕಿದರೆ ಆರೂವರೆ ಲಕ್ಷ ಸಾಲ. ಅಪ್ಪನ ಎರಡು ವರ್ಷದ ಕೊಬ್ಬರಿ ದುಡ್ಡು, ಅಮ್ಮನ ಎರಡೆಳೆ ಸರ ಎಲ್ಲ ಸೇರಿಸಿ ಒಂದೇ ಸಲಕ್ಕೆ ತೀರಿಸಿದರು.

2024ರ ಯುಗಾದಿ ಹೊತ್ತಿಗೆ ಅವನೇ ಆ ಆ್ಯಪ್ ಒಳಗೆ ಹೋಗಿ ಸೆಲ್ಫ್ ಎಕ್ಸ್‌ಕ್ಲೂಷನ್ ಒತ್ತಿದ. 'ನನ್ನನ್ನು ಆಟಕ್ಕೆ ಸೇರಿಸಬೇಡಿ' ಅಂತ ನಾವೇ ಹೇಳಿ ಹಾಕಿಸಿಕೊಳ್ಳುವ ಬೀಗ ಅದು. ಯಾರೂ ಹೇಳಿ ಮಾಡಿಸಿದ್ದಲ್ಲ. ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿದ. ಇನ್ನೂ ನನ್ನ ಫೋನಿನಲ್ಲಿದೆ.

ಹದಿನೆಂಟು ತಿಂಗಳು ಆಟ ಮುಟ್ಟಲಿಲ್ಲ. 2025ರ ಆಗಸ್ಟ್‌ನಲ್ಲಿ ಕಾನೂನು ಬಂದು, ದುಡ್ಡಿನ ಆಟದ ಆ್ಯಪ್‌ಗಳೇ ನಿಂತಾಗ ಅಮ್ಮ ಆಂಜನೇಯನ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದರು.

ದೀಪಾವಳಿಗೆ ದೊಡ್ಡಪ್ಪನ ಮನೆಯಲ್ಲಿ ಪಾಡ್ಯದ ರಾತ್ರಿ ಇಸ್ಪೀಟ್ ಹಾಕಿದರು. ಹತ್ತು ರೂಪಾಯಿ ಆಟ. ಮನೆಯವರ ಜೊತೆ ತಾನೇ ಅಂತ ಯಾರೂ ತಡೆಯಲಿಲ್ಲ. ನಾನೂ ತಡೆಯಲಿಲ್ಲ, ಪಕ್ಕದಲ್ಲೇ ಕೂತು ಚಕ್ಕುಲಿ ತಿನ್ನುತ್ತಿದ್ದೆ. ಮುಂದಿನ ವಾರವೇ ಟೆಲಿಗ್ರಾಂನಲ್ಲಿ ಯಾರೋ 'ಐಡಿ', ಅಂದರೆ ಆಟದ ಸೈಟಿಗೆ ಹೋಗುವ ಲಾಗಿನ್, ಕೊಟ್ಟರಂತೆ. ಹೊರದೇಶದ ಸೈಟು. ಎರಡೂವರೆ ತಿಂಗಳಲ್ಲಿ 1 ಲಕ್ಷ 40 ಸಾವಿರ ಹೋಗಿದೆ. ನನಗೆ ಗೊತ್ತಾಗಿದ್ದು ಮೊನ್ನೆ, ಸಾಲದ ಆ್ಯಪ್‌ನವರು ನನ್ನ ನಂಬರಿಗೇ ಫೋನ್ ಮಾಡಿ ಕೂಗಾಡಿದಾಗ.

ಕೇಳಿದರೆ, "ನಾನೇ ಹಾಕಿಕೊಂಡ ಬೀಗ ಅಕ್ಕ, ನಾನೇ ಒಡೆದೆ. ಇನ್ನು ನನ್ನ ಮೇಲೆ ಆಸೆ ಇಟ್ಕೋಬೇಡ" ಅನ್ನುತ್ತಾನೆ. ಅಪ್ಪನಿಗೆ ಹೇಳಿಲ್ಲ. ಬೈಯಬೇಕಾ, ಸಾಲ ಕಟ್ಟಬೇಕಾ, ಫೋನ್ ಕಿತ್ತುಕೊಳ್ಳಬೇಕಾ? ಒಂದೂ ಹೊಳೆಯುತ್ತಿಲ್ಲ.

ನಾಕಾಣೆ · ರಾತ್ರಿ 11:05

ಫೋನ್ ಕಿತ್ತುಕೊಂಡು ಕೀಪ್ಯಾಡ್ ಸೆಟ್ ಕೊಡಿ. ವರ್ಷದೊಳಗೆ ಮದುವೆ ಮಾಡಿ. ತಲೆ ಮೇಲೆ ಜವಾಬ್ದಾರಿ ಬಿದ್ದರೆ ತಾನಾಗಿ ಬಿಡುತ್ತಾನೆ. ನಮ್ಮ ಕಡೆ ಎಷ್ಟೋ ಜನರನ್ನ ನೋಡಿದ್ದೇನೆ.

ಬಿಟ್ಟವನು · ರಾತ್ರಿ 11:32

ನಾಕಾಣೆ ಅವರೇ, ನಾನು ಮದುವೆ ಆದ ಮೇಲೆ ಆಡಿದ್ದೇ ಜಾಸ್ತಿ. ಹೆಂಡತಿಯ ಬಳೆ ಅಡವಿಟ್ಟಿದ್ದು ಜವಾಬ್ದಾರಿ ಬಂದ ಮೇಲೇ. ದಯವಿಟ್ಟು ಯಾರದ್ದೋ ಮನೆ ಹುಡುಗಿಯನ್ನ ಔಷಧಿ ಥರ ತರಬೇಡಿ.

ಅಕ್ಕ, ನಾನು ಆಟ ನಿಲ್ಲಿಸಿ ನಾಲ್ಕು ವರ್ಷ ಆಯಿತು. ನಾನೂ ಮೂರು ಆ್ಯಪ್‌ಗಳಲ್ಲಿ ಬ್ಲಾಕ್ ಹಾಕಿಕೊಂಡಿದ್ದೆ. ನಾಲ್ಕನೆಯದು ಇತ್ತಲ್ಲ! ನಮ್ಮಲ್ಲಿ ಒಂದು ಕಡೆ ಹಾಕಿದ ಬೀಗ ಆ ಕಾಂಪೌಂಡಿಗೆ ಮಾತ್ರ. ಪಕ್ಕದವರಿಗೆ ಅದು ಗೊತ್ತೇ ಆಗುವುದಿಲ್ಲ. ಆಮೇಲೆ ಅಮ್ಮನ ಪಾನ್ ಕಾರ್ಡ್ ಹಾಕಿ ಮೊದಲನೆಯದಕ್ಕೇ ಹೊಸ ಹೆಸರಲ್ಲಿ ಹೋದೆ. ಹೇಳಿಕೊಳ್ಳುವ ವಿಷಯ ಅಲ್ಲ, ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ನೀವು ನಿಮ್ಮ ಮನೆಯ ಪಾನ್ ಕಾರ್ಡ್‌ಗಳೆಲ್ಲ ಎಲ್ಲಿವೆ ಅಂತ ನೋಡಬೇಕು.

ಇನ್ನೊಂದು ವಿಷಯ. ನಾನು ಮತ್ತೆ ಆಡಿದ ಮೊದಲ ರಾತ್ರಿ ಕಳೆದದ್ದು 300 ರೂಪಾಯಿ. ಅಷ್ಟೇ. ಅದನ್ನ ಯಾರಿಗೂ ಹೇಳಲು ಆಗಲಿಲ್ಲ. "ಬಿಟ್ಟಿದ್ದಾನೆ" ಅಂತ ಎಲ್ಲರ ಬಾಯಲ್ಲೂ ಇದೆ, ಹೇಗೆ ಹೇಳಲಿ? ಮಾತು ಹೇಗೂ ಮುರಿದಾಯಿತು, ದುಡ್ಡಾದರೂ ವಾಪಸ್ ತರೋಣ ಅಂತ ಕೂತೆ. ಮುಚ್ಚಿಟ್ಟ ಆರು ವಾರಕ್ಕೆ 90 ಸಾವಿರ ಬಿತ್ತು. ನನ್ನ ಲೆಕ್ಕದಲ್ಲಿ ಆಟಕ್ಕೆ ಹೋದದ್ದು 300, ನಾಚಿಕೆಗೆ ಹೋದದ್ದು ಉಳಿದದ್ದೆಲ್ಲ.

ನನ್ನನ್ನು ಎಬ್ಬಿಸಿದವನು ಒಬ್ಬ ಸ್ನೇಹಿತ. ಅವನು "ಯಾಕೋ ಹಿಂಗೆ ಮಾಡಿದೆ" ಅಂತ ಒಂದು ಸಲವೂ ಕೇಳಲಿಲ್ಲ. ಆಸ್ಪತ್ರೆ ಕಾಂಪೌಂಡರ್ ಥರ ಕೇಳಿದ. ಎಷ್ಟು ಹೋಯಿತು? ಯಾವ ಹೊತ್ತಲ್ಲಿ? ಯಾವ ನಂಬರಿಗೆ ಕಳಿಸಿದೆ? ಊಟ ಆಯ್ತಾ? ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಷ್ಟು ಅನ್ನುವುದಕ್ಕೆ ಇತ್ತು.

ಕುಕ್ಕರಹಳ್ಳಿ · ಸೋಮವಾರ, ಬೆಳಿಗ್ಗೆ 6:50

ನಾನು ಮೈಸೂರಿನಲ್ಲಿ ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ವಾಕಿಂಗ್ ಮುಗಿಸಿ ಬಂದು ಇದನ್ನ ಓದಿದೆ.

ಅಕ್ಕ, ಮೊದಲು ಒಂದು ಕೆಲಸ. "ಆಸೆ ಇಟ್ಕೋಬೇಡ" ಅಂದನಲ್ಲ, ಆ ಮಾತನ್ನ ಸುಮ್ನೆ ಬಿಡಬೇಡಿ. ಇವತ್ತೇ, ಒಬ್ಬನೇ ಇರುವಾಗ, ನೇರವಾಗಿ ಕೇಳಿ: "ಸಾಯಬೇಕು ಅಂತ ಏನಾದರೂ ಅನ್ನಿಸುತ್ತಿದೆಯಾ?" ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತೆ ಆಗುತ್ತೆ ಅನ್ನುವುದು ತಪ್ಪು. ಕೇಳಿದರೆ ಎಷ್ಟೋ ಜನಕ್ಕೆ ಉಸಿರು ಬಿಟ್ಟಂತಾಗುತ್ತದೆ. ಜೂಜಿನ ಸಾಲ ಬಯಲಾದ ದಿನಗಳೇ ಹೆಚ್ಚು ಅಪಾಯದ ದಿನಗಳು. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಬೇರೆ ಕಡೆ ಸಾಗಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವನು ಮಾಡದಿದ್ದರೆ ನೀವೇ ಮಾಡಬಹುದು.

ಇನ್ನು ಬೀಗದ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟ ಕುಡಿತದ ಚಟದ ಜೊತೆ ಒಂದೇ ಗುಂಪಿನಲ್ಲಿದೆ. ಕುಡಿತ ಬಿಟ್ಟವರು ಒಮ್ಮೆ ಜಾರಿದರೆ ನಾವು ಆಶ್ಚರ್ಯ ಪಡುತ್ತೇವಾ? ಇದೂ ಹಾಗೇ. ಸೆಲ್ಫ್ ಎಕ್ಸ್‌ಕ್ಲೂಷನ್ ಅನ್ನುವುದು ಬಾಗಿಲಿಗೆ ಚಿಲಕ, ಒಳಗಿನ ಹಸಿವಿಗೆ ಔಷಧಿ ಅಲ್ಲ. ಚಿಲಕದಿಂದ ಸಮಯ ಸಿಗುತ್ತದೆ. ಆ ಸಮಯದಲ್ಲಿ ಚಿಕಿತ್ಸೆ, ಮಾತು, ಸಾಲದ ಏರ್ಪಾಡು ಆಗಬೇಕಿತ್ತು. ನಿಮ್ಮ ಮನೆಯಲ್ಲಿ ಚಿಲಕ ಒಂದೇ ಕೆಲಸ ಮಾಡಿದೆ ಅನ್ನಿಸುತ್ತೆ. ಹಾಗಿದ್ದೂ ಹದಿನೆಂಟು ತಿಂಗಳು ಎಳೆದಿದ್ದಾನಲ್ಲ, ಅದು ಸಣ್ಣದಲ್ಲ. ಆ ಹದಿನೆಂಟು ತಿಂಗಳು ಅಳಿಸಿ ಹೋಗುವುದೂ ಇಲ್ಲ.

ಜಾರಿದ್ದನ್ನ ಇಬ್ಬರೂ ಕೂತು ಬಿಡಿಸಿ ನೋಡಿ. ಪಾಡ್ಯದ ರಾತ್ರಿಯಿಂದ ಟೆಲಿಗ್ರಾಂವರೆಗೆ ಆ ಒಂದು ವಾರದಲ್ಲಿ ಏನೇನಾಯಿತು? ಸಂಬಳ ಬಂದ ದಿನವಾ? ನಿದ್ದೆ ಕೆಟ್ಟಿತ್ತಾ? ಆಫೀಸಿನಲ್ಲಿ ಯಾರಾದರೂ ಏನಾದರೂ ಅಂದರಾ? ನನ್ನ ಅನುಭವದಲ್ಲಿ ಹೆಚ್ಚಿನವರು ಜಾರುವುದು ರಾತ್ರಿ ಹನ್ನೊಂದರ ಮೇಲೆ, ಕೈಯಲ್ಲಿ ದುಡ್ಡಿದ್ದು, ಮನಸ್ಸಿಗೆ ಏನೋ ಚುಚ್ಚಿದ ದಿನ.

ಅರಸೀಕೆರೆ_ಅಕ್ಕ · ಸೋಮವಾರ, ಮಧ್ಯಾಹ್ನ 2:15

ಕೇಳಿದೆ. ತೋಟದ ಪಂಪ್‌ಮನೆ ಹತ್ತಿರ ಕರೆದುಕೊಂಡು ಹೋಗಿ ಕೇಳಿದೆ. ಕೈ ನಡುಗುತ್ತಿತ್ತು, ನನ್ನದು. "ಹೋದ ವಾರ ಎರಡು ಸಲ ಅನ್ನಿಸಿತ್ತು, ಈಗ ನಿನಗೆ ಗೊತ್ತಾದ ಮೇಲೆ ಇಲ್ಲ" ಅಂದ. ಅಲ್ಲೇ ಸ್ಪೀಕರ್ ಹಾಕಿ 14416ಕ್ಕೆ ಮಾಡಿದೆವು. ಇಪ್ಪತ್ತು ನಿಮಿಷ ಮಾತಾಡಿದ. ನಾನು ದೂರ ಹೋಗಿ ನಿಂತಿದ್ದೆ. ಕಳೆನಾಶಕದ ಕ್ಯಾನ್ ಚಿಕ್ಕಪ್ಪನ ಮನೆಗೆ ಕಳಿಸಿದ್ದೇನೆ, ಕಾರಣ ಹೇಳಿಲ್ಲ.

ಸ್ಲೌ_ಕನ್ನಡಿಗ · ಸೋಮವಾರ, ಸಂಜೆ 5:30

ಒಳ್ಳೆಯ ಕೆಲಸ ಮಾಡಿದಿರಿ ಅಕ್ಕ.

ನಾನು ಇಂಗ್ಲೆಂಡಿನಲ್ಲಿ ಇರುವುದು. ನನ್ನ ರೂಂಮೇಟ್ ಕೂಡ ಇದೇ ಥರ, ಅವನೂ ಹುಬ್ಬಳ್ಳಿ ಕಡೆಯವನು. ಇಲ್ಲಿನ ವ್ಯವಸ್ಥೆ ಹೇಳುತ್ತೇನೆ, ಯಾಕೆಂದರೆ ಇಷ್ಟೆಲ್ಲ ಇದ್ದೂ ಅವನು ಜಾರಿದ.

ಇಲ್ಲಿ ಗ್ಯಾಮ್‌ಸ್ಟಾಪ್ ಅಂತ ಇದೆ. ಒಂದೇ ಕಡೆ ಹೆಸರು ಬರೆಸಿದರೆ ಬ್ರಿಟನ್ನಿನ ಲೈಸೆನ್ಸ್ ಇರುವ ಎಲ್ಲ ಆನ್‌ಲೈನ್ ಜೂಜಿನ ಕಂಪನಿಗಳೂ ಹೊರಗಿಡಬೇಕು. 2020ರ ಮಾರ್ಚ್ 31ರಿಂದ ಅದು ಕಡ್ಡಾಯ. ಆರು ತಿಂಗಳು, ಒಂದು ವರ್ಷ, ಐದು ವರ್ಷ ಅಂತ ಆರಿಸಿಕೊಳ್ಳಬಹುದು. ಮಧ್ಯದಲ್ಲಿ ಗೋಗರೆದರೂ ತೆಗೆಯುವುದಿಲ್ಲ. ಅವಧಿ ಮುಗಿದರೂ ತಾನಾಗಿ ತೆರೆದುಕೊಳ್ಳುವುದಿಲ್ಲ, ನಾವೇ ಕೇಳಬೇಕು, ಕೇಳಿದ ಮೇಲೂ 24 ಗಂಟೆ ಕಾಯಿಸುತ್ತಾರೆ. ಆ 24 ಗಂಟೆ ಬಹಳ ದೊಡ್ಡ ವಿಷಯ ಅಂತ ನನಗೆ ಅನ್ನಿಸಿದ್ದು. ಆಸೆ ಕೆರಳಿದ್ದು ಅಷ್ಟರಲ್ಲಿ ಇಳಿಯಬಹುದು.

ಆದರೆ 'ಗ್ಯಾಮ್‌ಸ್ಟಾಪ್‌ನಲ್ಲಿ ಇಲ್ಲದ ಸೈಟುಗಳು' ಅಂತಲೇ ಜಾಹೀರಾತು ಮಾಡುವ ಹೊರದೇಶದ ಸೈಟುಗಳಿವೆ. ಅಂದರೆ ಬೀಗ ಹಾಕಿಕೊಂಡವರನ್ನೇ ಹುಡುಕಿ ಬಲೆ ಬೀಸುವುದು. ನನ್ನ ರೂಂಮೇಟ್ ಸಿಕ್ಕಿಬಿದ್ದದ್ದು ಅಲ್ಲೇ. ಊರಿನ ಟೆಲಿಗ್ರಾಂ ಐಡಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ.

ಆಮೇಲೆ ಅವನಿಗೆ ಹಿಡಿದದ್ದು ಎರಡು. ಒಂದು, ಬ್ಯಾಂಕ್ ಆ್ಯಪ್‌ನಲ್ಲೇ ಜೂಜಿನ ಪಾವತಿಗೆ ತಡೆ ಹಾಕುವ ಸ್ವಿಚ್. ಇನ್ನೊಂದು, ಫೋನಿನಲ್ಲೇ ಜೂಜಿನ ಸೈಟುಗಳನ್ನ ತೆರೆಯಲು ಬಿಡದ ಬ್ಲಾಕರ್. ಬೆಟ್‌ಬ್ಲಾಕರ್ ಅನ್ನುವುದು ಉಚಿತ, ಇಂಡಿಯಾದಲ್ಲೂ ಹಾಕಿಕೊಳ್ಳಬಹುದು. ಎಷ್ಟು ದಿನ ಅಂತ ಇಟ್ಟಿದ್ದೇವೋ ಅಷ್ಟು ದಿನ ಅದನ್ನ ತೆಗೆಯಲು ಸುಲಭಕ್ಕೆ ಬಿಡುವುದಿಲ್ಲ.

ಕ್ಯಾಶ್‌ಕೌಂಟರ್ · ಸೋಮವಾರ, ರಾತ್ರಿ 9:10

ನಾನು ಬ್ಯಾಂಕಿನಲ್ಲಿ ಇರುವವನು. ಸ್ಲೌ ಅವರು ಹೇಳಿದ ಸ್ವಿಚ್ ಇಲ್ಲಿ ಯಾಕೆ ಹಿಡಿಯುವುದಿಲ್ಲ ಅಂತ ಹೇಳುತ್ತೇನೆ. ಕಾರ್ಡ್ ಪಾವತಿಯಲ್ಲಿ ಪ್ರತಿ ವ್ಯಾಪಾರಕ್ಕೂ ಒಂದು ಕೋಡ್ ಇರುತ್ತದೆ. ಜೂಜಿಗೆ 7995. ಅದು ಬಂದರೆ ಬ್ಯಾಂಕ್ ತಡೆಯುತ್ತದೆ. ನಮ್ಮ ಐಡಿ ಕೊಡುವವರು ದುಡ್ಡು ತೆಗೆದುಕೊಳ್ಳುವುದು ಯಾರ್ಯಾರದ್ದೋ ಬಾಡಿಗೆ ಖಾತೆಗೆ, ಯುಪಿಐ ಮೂಲಕ. ಸ್ಟೇಟ್‌ಮೆಂಟಿನಲ್ಲಿ ನೋಡಿದರೆ ಯಾವುದೋ ಹೆಂಗಸಿನ ಹೆಸರು, ಇಲ್ಲ ಕಿರಾಣಿ ಅಂಗಡಿ. ಬ್ಯಾಂಕಿಗೆ ಜೂಜು ಅಂತ ಗೊತ್ತಾಗುವುದು ಹೇಗೆ?

ಇನ್ನೊಂದು ಅಪಾಯ. ಗೆದ್ದದ್ದು ಅಂತ ಅಂಥ ಖಾತೆಯಿಂದ ಸಾವಿರ ರೂಪಾಯಿ ನಿಮ್ಮ ತಮ್ಮನಿಗೆ ಬಂದಿದ್ದರೆ, ಮುಂದೆ ಯಾವುದೋ ರಾಜ್ಯದ ಸೈಬರ್ ಪೊಲೀಸರ ದೂರಿನಲ್ಲಿ ಇವನ ಸಂಬಳದ ಖಾತೆಗೂ ತಡೆ ಬೀಳಬಹುದು. ನಮ್ಮ ಕೌಂಟರಿಗೆ ಹಾಗೆ ಅಳುತ್ತಾ ಬರುವವರು ಇದ್ದಾರೆ. ಅವನಿಗೆ ಇದನ್ನ ಹೆದರಿಸಲು ಅಲ್ಲ, ಗೊತ್ತಿರಲಿ ಅಂತ ಹೇಳಿ. ಹೊಸ ಕಾನೂನಿನಲ್ಲಿ ಶಿಕ್ಷೆ ಇರುವುದು ಆಟ ನಡೆಸುವವರಿಗೆ, ಜಾಹೀರಾತು ಮಾಡುವವರಿಗೆ, ದುಡ್ಡು ಸಾಗಿಸಲು ನೆರವಾಗುವವರಿಗೆ. ನಡೆಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡಿ ಕಳೆದುಕೊಂಡವನಿಗೆ ಶಿಕ್ಷೆ ಇಟ್ಟಿಲ್ಲ. ಹಾಗಾಗಿ ಪೊಲೀಸ್ ಭಯಕ್ಕೆ ಮುಚ್ಚಿಡುವುದು ಬೇಡ.

ಮನೆ ಮಟ್ಟದಲ್ಲಿ ಮಾಡಬಹುದಾದ್ದು: ಯುಪಿಐ ಸರ್ಕಲ್. 2024ರಲ್ಲಿ ಬಂದದ್ದು. ನೀವು ಮುಖ್ಯ ಬಳಕೆದಾರರು, ಅವನು ಎರಡನೆಯವನು. ದುಡ್ಡು ನಿಮ್ಮ ಖಾತೆಯದ್ದು. ಎರಡು ಬಗೆ ಇದೆ. ಪೂರ್ತಿ ಅನುಮತಿ ಕೊಟ್ಟರೆ ತಿಂಗಳಿಗೆ 15,000, ಒಂದು ಸಲಕ್ಕೆ 5,000 ದಾಟುವ ಹಾಗಿಲ್ಲ, ನೀವು ಇನ್ನೂ ಕಡಿಮೆ ಇಡಬಹುದು. ಇನ್ನೊಂದರಲ್ಲಿ ಪ್ರತಿ ಪಾವತಿಗೂ ನಿಮ್ಮ ಫೋನಿಗೆ ಕೋರಿಕೆ ಬರುತ್ತದೆ, ನೀವು ಪಿನ್ ಹಾಕಿದರೆ ಮಾತ್ರ ಹೋಗುತ್ತದೆ. ಅವನ ಸಂಬಳ ಬೇರೆ ಖಾತೆಗೆ ಬರಲಿ, ಆ ಖಾತೆಗೆ ಯುಪಿಐ ಇಲ್ಲದಿರಲಿ, ಡೆಬಿಟ್ ಕಾರ್ಡಿನ ಆನ್‌ಲೈನ್ ಬಳಕೆ ಆಫ್ ಇರಲಿ. ಇದೆಲ್ಲ ಅವನು ಒಪ್ಪಿದರೆ ಮಾತ್ರ. ಒಪ್ಪದವನ ಹತ್ತಿರ ಮಾಡಿಸಿದರೆ ಒಂದು ಹೊಸ ಸಿಮ್ಮಿಗೆ ಎಲ್ಲ ಮುಗಿಯಿತು.

ನಾಕಾಣೆ · ಸೋಮವಾರ, ರಾತ್ರಿ 9:40

ಮದುವೆ ಮಾತು ವಾಪಸ್ ತಗೊಂಡೆ. ಆದರೆ ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. 1.40 ಲಕ್ಷ ದೊಡ್ಡ ಸಾಲ ಏನಲ್ಲ. ಬಡ್ಡಿ ಬೆಳೆಯುವ ಮೊದಲು ಮನೆಯವರು ಕಟ್ಟಿಬಿಟ್ಟರೆ ಹುಡುಗನ ತಲೆಭಾರ ಇಳಿಯುವುದಿಲ್ಲವಾ?

ತಾಳಮದ್ದಲೆ · ಸೋಮವಾರ, ರಾತ್ರಿ 10:20

ನಾಕಾಣೆಯವರೇ, ಧರ್ಮರಾಯನ ಕಥೆಯಲ್ಲಿ ಎಲ್ಲರಿಗೂ ನೆನಪಿರುವುದು ಮೊದಲ ಆಟ. ಅದಾದ ಮೇಲೆ ಧೃತರಾಷ್ಟ್ರ ಸೋತದ್ದನ್ನೆಲ್ಲ ವಾಪಸ್ ಕೊಟ್ಟ. ರಾಜ್ಯ, ಕೋಶ, ತಮ್ಮಂದಿರು, ಎಲ್ಲ. ಒಂದು ರೂಪಾಯಿ ಸಾಲ ಉಳಿಯಲಿಲ್ಲ ಅನ್ನಿ. ಊರಿಗೆ ಹೊರಟವರಿಗೆ ದಾರಿಯಲ್ಲೇ ಮತ್ತೆ ಕರೆ ಬಂತು. ಹೋದ, ಕೂತ. ಹನ್ನೆರಡು ವರ್ಷ ಕಾಡು, ಒಂದು ವರ್ಷ ಅಜ್ಞಾತ ಬಂದದ್ದು ಆ ಎರಡನೇ ಆಟದಿಂದ. ಸಾಲ ತೀರಿತ್ತು, ಕರೆ ಬಂದರೆ ಏನು ಮಾಡಬೇಕು ಅಂತ ಯಾರೂ ಮಾತಾಡಿರಲಿಲ್ಲ.

ಕುಕ್ಕರಹಳ್ಳಿ · ಮಂಗಳವಾರ, ಬೆಳಿಗ್ಗೆ 7:05

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಸಾಲದ ಬಗ್ಗೆ ಅಷ್ಟೇ ಸೇರಿಸುತ್ತೇನೆ. ಒಂದೇ ಸಲ ಕಟ್ಟಬೇಡಿ, ಅವನ ಕೈಗೆ ದುಡ್ಡು ಕೊಡಬೇಡಿ. ಮೊದಲು ಅವನ ಕ್ರೆಡಿಟ್ ರಿಪೋರ್ಟ್ ತೆಗೆಸಿ, ವರ್ಷಕ್ಕೆ ಒಂದು ಸಲ ಉಚಿತವಾಗಿ ಸಿಗುತ್ತದೆ. ಮುಚ್ಚಿಟ್ಟ ಆ್ಯಪ್ ಸಾಲಗಳೂ ಅದರಲ್ಲಿ ಕಾಣಬಹುದು. ಕೈಸಾಲ ಬೇರೆ ಪಟ್ಟಿ. ಅವನ ಸಂಬಳದಿಂದಲೇ ತಿಂಗಳ ಕಂತು ಹೋಗಲಿ, ನೇರ ಸಾಲ ಕೊಟ್ಟವರಿಗೆ. ನಿಧಾನ ಆಗುತ್ತದೆ, ಆಗಲಿ. ಪಟ್ಟಿ ಅವನ ಕೈಬರಹದಲ್ಲೇ ಇರಲಿ.

ಮೊದಲ ದಿನವೇ ಪೂರ್ತಿ ಮೊತ್ತ ಹೇಳುತ್ತಾನೆ ಅಂತ ನಂಬಬೇಡಿ. ಸುಳ್ಳು ಅಂತಲ್ಲ. ನಾಚಿಕೆ ಕಂತಿನಲ್ಲಿ ಹೊರಗೆ ಬರುತ್ತದೆ. ಮುಂದಿನ ವಾರ ಇನ್ನೊಂದು 20 ಸಾವಿರ ಹೊರಬಂದರೆ "ಮತ್ತೆ ಮುಚ್ಚಿಟ್ಟೆಯಾ" ಅನ್ನಬೇಡಿ. "ಸರಿ, ಪಟ್ಟಿಗೆ ಸೇರಿಸು" ಅನ್ನಿ.

ಕ್ಯಾಶ್‌ಕೌಂಟರ್ · ಮಂಗಳವಾರ, ಬೆಳಿಗ್ಗೆ 8:00

ಆ ಸಾಲದ ಆ್ಯಪ್‌ನವರು ಅಕ್ಕನಿಗೆ ಫೋನ್ ಮಾಡಿದ್ದು ಸರಿಯಲ್ಲ. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ವಸೂಲಿಗೆ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡುವ ಹಾಗೂ ಇಲ್ಲ. ಕರೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಲೈಸೆನ್ಸ್ ಇಲ್ಲದ ಆ್ಯಪ್ ಆದರೆ ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಬೆದರಿಕೆ ಹಾಕಿದರೆ ಸೈಬರ್ ಅಪರಾಧದ ಸಹಾಯವಾಣಿ 1930.

ಅರಸೀಕೆರೆ_ಅಕ್ಕ · ಗುರುವಾರ, ರಾತ್ರಿ 9:55

ಎರಡು ದಿನ ಬರೆಯಲು ಆಗಲಿಲ್ಲ. ಅಪ್ಪನಿಗೆ ಅವನೇ ಹೇಳಿದ. ನಾನು ಪಕ್ಕದಲ್ಲಿದ್ದೆ. ಅಪ್ಪ ಒಂದೂ ಮಾತಾಡದೆ ಎದ್ದು ತೋಟಕ್ಕೆ ಹೋದರು, ಕತ್ತಲಾದ ಮೇಲೆ ಬಂದರು. ಊಟಕ್ಕೆ ಕೂತಾಗ "ಮುಂದಿನ ಪಾಡ್ಯಕ್ಕೆ ಯಾರ ಮನೆಯಲ್ಲೂ ಇಸ್ಪೀಟ್ ಇಲ್ಲ, ಅಣ್ಣನಿಗೆ ನಾನು ಹೇಳುತ್ತೇನೆ" ಅಂದರು. ಬೈದಿದ್ದರೆ ಅಷ್ಟು ತಾಗುತ್ತಿರಲಿಲ್ಲ ಅಂತ ತಮ್ಮ ಆಮೇಲೆ ಅಂದ.

ಪಟ್ಟಿ ಬರೆದಿದ್ದೇವೆ. 1.40 ಅಲ್ಲ, 1.78. ಕುಕ್ಕರಹಳ್ಳಿ ಮೇಡಂ ಹೇಳಿದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ. ಕಷ್ಟ ಆಯಿತು, ನಾನೇನು ದೇವತೆ ಅಲ್ಲ.

ಎಲ್ಲಿ ತೋರಿಸಬೇಕು ಅಂತ ಗೊತ್ತಾಗಲಿಲ್ಲ. ಬೆಂಗಳೂರಿಗೇ ಹೋಗಬೇಕಾ?

ಕುಕ್ಕರಹಳ್ಳಿ · ಗುರುವಾರ, ರಾತ್ರಿ 10:30

ಬೇಕಂತಿಲ್ಲ. ಮೊದಲು ಹಾಸನದ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗ ನೋಡಿ. ಅಲ್ಲಿಂದ ಬೇಕಾದರೆ ನಿಮ್ಹಾನ್ಸ್. ಅಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ. ಫೋನ್, ಇಂಟರ್ನೆಟ್ ಚಟಕ್ಕೆ ಶಟ್ ಅನ್ನುವ ಕ್ಲಿನಿಕ್ಕನ್ನ 2014ರಲ್ಲೇ ಶುರು ಮಾಡಿದ್ದಾರೆ. ಮುಖ್ಯವಾಗಿ ಮಾತಿನ ಚಿಕಿತ್ಸೆ. ಕೆಲವರಿಗೆ ಆಸೆ ಕಡಿಮೆ ಮಾಡುವ ಮಾತ್ರೆಯನ್ನೂ ಕೊಡುತ್ತಾರೆ, ಅದು ಡಾಕ್ಟರ ತೀರ್ಮಾನ. ಜೊತೆಗೆ ನಿದ್ದೆ, ಖಿನ್ನತೆ, ಕುಡಿತ ಇದೆಯಾ ಅಂತಲೂ ನೋಡುತ್ತಾರೆ. ನೀವೂ ಒಂದು ಸಲ ಒಳಗೆ ಕೂತು ಮಾತಾಡಿ, ಅಕ್ಕ. ನಿಮ್ಮ ನಿದ್ದೆ ಹೇಗಿದೆ ಅಂತ ಇಲ್ಲಿ ಯಾರೂ ಕೇಳಲೇ ಇಲ್ಲ.

ಬಿಟ್ಟವನು · ಗುರುವಾರ, ರಾತ್ರಿ 11:10

ಒಂದು ಕೋರಿಕೆ. ಸರ್ಕಲ್, ಬ್ಲಾಕರ್ ಎಲ್ಲ ಹಾಕುವಾಗ ಎಷ್ಟು ದಿನಕ್ಕೆ ಅಂತ ಒಂದು ತಾರೀಕು ಬರೆದುಕೊಳ್ಳಿ. ಮೂರು ತಿಂಗಳು ಅಂತ ಇಡಿ, ಆಮೇಲೆ ಕೂತು ನೋಡೋಣ ಅನ್ನಿ. ನನಗೆ "ಇನ್ನು ಯಾವತ್ತೂ ನಿನ್ನ ಕೈಗೆ ದುಡ್ಡಿಲ್ಲ" ಅಂದಿದ್ದರು. ಕೈದಿ ಆದಮೇಲೆ ಗೋಡೆ ಹಾರುವುದನ್ನೇ ಯೋಚಿಸುತ್ತೇವೆ.

ಮತ್ತೆ ಆಸೆ ಬಂದರೆ ಆಡುವ ಮೊದಲು ಹೇಳುವುದಕ್ಕೆ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ನಾನು ಸ್ನೇಹಿತನಿಗೆ ಸುಮ್ನೆ "ಟೀ?" ಅಂತ ಮೆಸೇಜ್ ಹಾಕುತ್ತಿದ್ದೆ. ಅವನಿಗೆ ಗೊತ್ತಾಗುತ್ತಿತ್ತು. ಉದ್ದ ಮಾತಾಡುವ ಶಕ್ತಿ ಆ ಹೊತ್ತಿನಲ್ಲಿ ಇರುವುದಿಲ್ಲ.

ಅರಸೀಕೆರೆ_ಅಕ್ಕ · ಶನಿವಾರ, ಸಂಜೆ 6:20

ಸರ್ಕಲ್ ಮಾಡಿಕೊಂಡೆವು, ಏಪ್ರಿಲ್ ಕೊನೆವರೆಗೆ. ನಿನ್ನೆಯಿಂದ ನನ್ನ ಫೋನಿಗೆ ಹದಿಮೂರು ಕೋರಿಕೆ ಬಂದಿವೆ: ಪೆಟ್ರೋಲು, ಬೋಂಡ, ಬೋಂಡ, ರೀಚಾರ್ಜ್, ಮತ್ತೆ ಬೋಂಡ. ಇವನು ದಿನಕ್ಕೆ ಇಷ್ಟು ಬೋಂಡ ತಿನ್ನುತ್ತಾನೆ ಅಂತ ಈ 31 ವರ್ಷದಲ್ಲಿ ಗೊತ್ತಿರಲಿಲ್ಲ.

ಸೋಮವಾರ ಹಾಸನಕ್ಕೆ ಹೋಗುತ್ತಿದ್ದೇವೆ. ಮನೆಯವರ ಪಾನ್ ಕಾರ್ಡ್ ಎಲ್ಲ ಬೀರುವಿಗೆ ಹೋಗಿವೆ. ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ಅಪ್ಪ ಅಮ್ಮನಿಗೆ ಬೆಳಿಗ್ಗೆಯಿಂದ ಜಗಳ. ಸದ್ಯಕ್ಕೆ ಅಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಾರೆ.